ತೀರ್ಪಿಗೆ ಹತ್ತು ವರ್ಷ, ತಡೆಯಾಜ್ಞೆಗೆ ಒಂದೇ ದಿನ

2011ರ ಜೂನ್ 28ರಂದು ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಸಂದರ್ಶನವೊಂದು ಕನ್ನಡ ಸುದ್ದಿವಾಹಿನಿಯಲ್ಲಿ ಪ್ರಸಾರವಾಯಿತು. ನೈಸ್ ರಸ್ತೆಯ ಕಂಪನಿಯ ಬಗ್ಗೆ ಗೌಡರು ಅದರಲ್ಲಿ ಖಾರವಾಗಿಯೇ ಮಾತಾಡಿದ್ದರು. ಕಂಪನಿ ಮಾನನಷ್ಟದ ದಾವೆ ಹೂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ 2 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ಆದೇಶಿಸಿದ್ದು 2021ರ ಜೂನ್‌ನಲ್ಲಿ. ಮಾತಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಅದೂ ಮೊದಲ ಹಂತದ ತೀರ್ಪು. ಮೇಲ್ಮನವಿಯ ಮೆಟ್ಟಿಲುಗಳು ಆಮೇಲೆ.

ಅದೇ ಸಿಟಿ ಸಿವಿಲ್ ಕೋರ್ಟಿನಿಂದ 2025ರ ಜುಲೈನಲ್ಲಿ ಇನ್ನೊಂದು ಆದೇಶ ಹೊರಬಿತ್ತು. ಧರ್ಮಸ್ಥಳದ ಸುತ್ತ ಆರೋಪಗಳ ಬಿರುಗಾಳಿ ಎದ್ದಿದ್ದ ದಿನಗಳವು. ಕ್ಷೇತ್ರದ ಆಡಳಿತ ನಡೆಸುವ ಕುಟುಂಬದ ಸದಸ್ಯರೊಬ್ಬರು 338 ಜನರನ್ನೂ ಸಂಸ್ಥೆಗಳನ್ನೂ ಪ್ರತಿವಾದಿಗಳನ್ನಾಗಿ ಮಾಡಿ ದಾವೆ ಹಾಕಿದರು. 8,842 ಕೊಂಡಿಗಳನ್ನು ಅಳಿಸಬೇಕೆಂದು ಆದೇಶವಾಯಿತು. ಅದರಲ್ಲಿ 4,140 ಯೂಟ್ಯೂಬ್ ವಿಡಿಯೊಗಳು, 3,584 ಇನ್‌ಸ್ಟಾಗ್ರಾಂ ಪೋಸ್ಟ್‌ಗಳು, 932 ಫೇಸ್‌ಬುಕ್ ಪೋಸ್ಟ್‌ಗಳು, 108 ಸುದ್ದಿ ವರದಿಗಳು. ಆದೇಶ ಹೊರಡುವ ಹೊತ್ತಿಗೆ 338ರಲ್ಲಿ ಒಬ್ಬರ ಮಾತನ್ನೂ ಕೋರ್ಟ್ ಕೇಳಿರಲಿಲ್ಲ. ಯಾವ ಆರೋಪ ನಿಜ, ಯಾವುದು ಸುಳ್ಳು ಎಂಬುದು ಈ ಲೇಖನದ ವಿಷಯವಲ್ಲ. ಮಾತಾಡಿದವರು ತಪ್ಪು ಮಾಡಿದ್ದಾರೆಯೇ ಎಂದು ತೀರ್ಮಾನಿಸಲು ಹತ್ತು ವರ್ಷ ಬೇಕಾಗುವ ವ್ಯವಸ್ಥೆಗೆ, ಮಾತನ್ನೇ ಅಳಿಸಿಹಾಕಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ಇದು ಹೇಗೆ ಸಾಧ್ಯ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ವಾಕ್ ಸ್ವಾತಂತ್ರ್ಯ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಪೊಲೀಸ್ ಜೀಪು, ಎಫ್‌ಐಆರ್, ಜೈಲು. ಅದು ಸುಳ್ಳಲ್ಲ. ಮಾನಹಾನಿ ನಮ್ಮಲ್ಲಿ ಈಗಲೂ ಅಪರಾಧವೇ: ಹಿಂದೆ ಐಪಿಸಿಯ 499 ಮತ್ತು 500ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ಎರಡು ವರ್ಷದವರೆಗೆ ಸಜೆ. 2016ರ ಮೇನಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನು ಸಂವಿಧಾನಬದ್ಧ ಎಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿದ್ದು ಈ ಕಾನೂನಿನಡಿಯೇ. ಆದರೆ ಕ್ರಿಮಿನಲ್ ಕೇಸಿನಲ್ಲಿ ಆದ ಅನ್ಯಾಯ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಬಂಧನವಾದರೆ ಫೋಟೊ ಬರುತ್ತದೆ, ಪ್ರತಿಭಟನೆ ಆಗುತ್ತದೆ. ಸಿವಿಲ್ ದಾವೆಗೆ ಅಂಥ ಸದ್ದಿಲ್ಲ. ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ, ಅಷ್ಟೆ.

ಸಂವಿಧಾನದ 19(1)(ಎ) ವಿಧಿ ನಾಗರಿಕರಿಗೆ ಮಾತಿನ ಹಕ್ಕು ಕೊಡುತ್ತದೆ. 19(2) ಆ ಹಕ್ಕಿಗೆ ಬೇಲಿ ಹಾಕಬಹುದಾದ ಕಾರಣಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಮಾನಹಾನಿಯೂ ಒಂದು. ಇಲ್ಲಿ ಒಂದು ಗಂಟಿದೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಇರುವ ಹಕ್ಕು. ಪಕ್ಕದ ಮನೆಯವನೋ, ಒಂದು ಕಂಪನಿಯೋ ನನ್ನ ಮಾತಿಗೆ ದಾವೆ ಹಾಕಿದರೆ ಅದು ಖಾಸಗಿ ಜಗಳ, ಅಲ್ಲಿ ಸಂವಿಧಾನಕ್ಕೇನು ಕೆಲಸ? ಬಹಳ ಕಾಲ ಹಲವು ದೇಶಗಳ ಕೋರ್ಟುಗಳು ಹೆಚ್ಚುಕಡಿಮೆ ಹೀಗೇ ಯೋಚಿಸುತ್ತಿದ್ದವು. ಆ ಗಂಟನ್ನು ಬಿಚ್ಚಿದ್ದು ಅಮೆರಿಕದ ಅಲಬಾಮಾ ರಾಜ್ಯದ ಒಂದು ಪ್ರಕರಣ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವತ್ತು ಬೆಂಗಳೂರಿನಲ್ಲಿ ಆಗುತ್ತಿರುವುದೆಲ್ಲ ಅಲ್ಲಿ ಅರವತ್ತು ವರ್ಷದ ಹಿಂದೆಯೇ ನಡೆದುಹೋಗಿದೆ.

1960ರ ಮಾರ್ಚ್ 29ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಒಂದು ಜಾಹೀರಾತು ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರ ಕೋರ್ಟು ಖರ್ಚಿಗೆ ದೇಣಿಗೆ ಕೇಳುವ ಜಾಹೀರಾತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮೇಲೆ, ವಿದ್ಯಾರ್ಥಿಗಳ ಮೇಲೆ ನಡೆಯುತ್ತಿದ್ದ ದಬ್ಬಾಳಿಕೆಯ ವಿವರ ಅದರಲ್ಲಿತ್ತು. ವಿವರದಲ್ಲಿ ಕೆಲವು ತಪ್ಪುಗಳಿದ್ದವು. ಕಿಂಗ್ ಅವರನ್ನು ಏಳು ಸಲ ಬಂಧಿಸಲಾಗಿದೆ ಎಂದಿತ್ತು, ನಿಜಕ್ಕೂ ಬಂಧಿಸಿದ್ದು ನಾಲ್ಕು ಸಲ. ವಿದ್ಯಾರ್ಥಿಗಳು ಒಂದು ದೇಶಭಕ್ತಿ ಗೀತೆ ಹಾಡಿದರು ಎಂದಿತ್ತು, ಅವರು ಹಾಡಿದ್ದು ರಾಷ್ಟ್ರಗೀತೆ. ಮಾಂಟ್ಗೊಮರಿ ನಗರದ ಪೊಲೀಸ್ ಇಲಾಖೆಯ ಉಸ್ತುವಾರಿ ಹೊತ್ತಿದ್ದ ಕಮಿಷನರ್ ಎಲ್.ಬಿ. ಸುಲಿವನ್ ಎಂಬಾತನ ಹೆಸರು ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ. ಆದರೂ ಪೊಲೀಸರನ್ನು ಬೈದರೆ ನನ್ನನ್ನು ಬೈದಂತೆ ಎಂದು ಆತ ದಾವೆ ಹಾಕಿದ. ಇಡೀ ಅಲಬಾಮಾದಲ್ಲಿ ಮಾರಾಟವಾಗುತ್ತಿದ್ದ ಆ ಪತ್ರಿಕೆಯ ಪ್ರತಿಗಳು 394. ಸ್ಥಳೀಯ ಜ್ಯೂರಿ ಕೊಡಿಸಿದ ಪರಿಹಾರ 5 ಲಕ್ಷ ಡಾಲರ್.

ಅಲ್ಲಿಗೇ ಮುಗಿಯಲಿಲ್ಲ. ಜಾಹೀರಾತಿನಲ್ಲಿ ಹೆಸರು ಅಚ್ಚಾಗಿದ್ದ ನಾಲ್ವರು ಕಪ್ಪು ಪಾದ್ರಿಗಳನ್ನೂ ಸುಲಿವನ್ ಪ್ರತಿವಾದಿಗಳನ್ನಾಗಿ ಮಾಡಿದ್ದ. ತಮ್ಮ ಹೆಸರನ್ನು ಹಾಕಿದ್ದೇ ಅವರಿಗೆ ಗೊತ್ತಿರಲಿಲ್ಲ. ಮೇಲ್ಮನವಿ ಇನ್ನೂ ಬಾಕಿಯಿರುವಾಗಲೇ ಅವರ ಕಾರುಗಳನ್ನು ಜಪ್ತಿ ಮಾಡಿದರು. ಅವರಲ್ಲೊಬ್ಬರಾದ ರಾಲ್ಫ್ ಅಬರ್ನತಿಯವರ ಜಮೀನಿನ ಪಾಲನ್ನೂ ಬಿಡಲಿಲ್ಲ. ಸಮನ್ಸ್ ಜಾರಿಯಾದೀತು ಎಂಬ ಅಂಜಿಕೆಯಲ್ಲಿ, ವಕೀಲರ ಸಲಹೆಯಂತೆ, ಟೈಮ್ಸ್ ವರ್ಷಕ್ಕೂ ಹೆಚ್ಚು ಕಾಲ ತನ್ನ ವರದಿಗಾರರನ್ನು ಅಲಬಾಮಾಕ್ಕೆ ಕಳಿಸಲಿಲ್ಲ. ನಾಗರಿಕ ಹಕ್ಕುಗಳ ಹೋರಾಟ ಉರಿಯುತ್ತಿದ್ದ ನೆಲಕ್ಕೇ ದೇಶದ ದೊಡ್ಡ ಪತ್ರಿಕೆಯ ವರದಿಗಾರ ಹೋಗುವಂತಿಲ್ಲ! ಒಂದು ಸಿವಿಲ್ ದಾವೆ ಮಾಡಬಹುದಾದ ಕೆಲಸ ಎಂಥದ್ದು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆ ಹೊತ್ತಿಗೆ ಅಲಬಾಮಾದಲ್ಲಿ ಟೈಮ್ಸ್ ಮೇಲೆ ಹನ್ನೊಂದು ಮಾನನಷ್ಟ ದಾವೆಗಳು ಬಾಕಿಯಿದ್ದವು, ಒಟ್ಟು ಕೇಳಿದ್ದ ಮೊತ್ತ 56 ಲಕ್ಷ ಡಾಲರ್.

1964ರ ಮಾರ್ಚ್ 9ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಸುಲಿವನ್‌ನ ಗೆಲುವನ್ನು ರದ್ದು ಮಾಡಿದರು. ತೀರ್ಪು ಬರೆದವರು ನ್ಯಾಯಮೂರ್ತಿ ಬ್ರೆನನ್. ಅದರಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು: ದಾವೆ ಹೂಡಿದವನು ಖಾಸಗಿಯಾಗಿಯೇ ಹೂಡಿರಬಹುದು, ಆದರೆ ಆ ದಂಡವನ್ನು ವಿಧಿಸುವುದು ಕೋರ್ಟು, ವಸೂಲಿ ಮಾಡಿಕೊಡುವುದು ಅಮೀನ. ಇವರಿಬ್ಬರೂ ಸರ್ಕಾರದ ಕೈಗಳೇ. ಆದ್ದರಿಂದ ಸಿವಿಲ್ ದಾವೆಗೂ ಸಂವಿಧಾನದ ಲಗಾಮು ಉಂಟು. ಎರಡನೆಯದು: ಸರ್ಕಾರಿ ಅಧಿಕಾರಿ ತನ್ನ ಅಧಿಕಾರದ ಕೆಲಸದ ಬಗ್ಗೆ ಬಂದ ಟೀಕೆಗೆ ಪರಿಹಾರ ಕೇಳಬೇಕಾದರೆ, ಅದು ಸುಳ್ಳು ಎಂದು ತೋರಿಸಿದರೆ ಸಾಲದು. ಸುಳ್ಳೆಂದು ಗೊತ್ತಿದ್ದೇ ಹೇಳಿದರು, ಇಲ್ಲವೇ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಹೇಳಿದರು ಎಂದು ಸಾಬೀತು ಮಾಡಬೇಕು. ಕಾವೇರಿದ ಸಾರ್ವಜನಿಕ ಚರ್ಚೆಯಲ್ಲಿ ನಾಲ್ಕು ತಪ್ಪು ನುಸುಳಿಯೇ ನುಸುಳುತ್ತವೆ. ಅದಕ್ಕೆಲ್ಲ ದಂಡ ಹಾಕುತ್ತ ಕೂತರೆ ನಿಜ ಹೇಳುವವನೂ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ತರ್ಕ.

ಈ ತರ್ಕ ಭಾರತಕ್ಕೆ ಬಂದದ್ದು ಮೂವತ್ತು ವರ್ಷ ತಡವಾಗಿ, ಅದೂ ಒಬ್ಬ ಸರಣಿ ಕೊಲೆಗಾರನ ಆತ್ಮಕಥೆಯ ನೆಪದಲ್ಲಿ. ಮರಣದಂಡನೆಗೆ ಗುರಿಯಾಗಿದ್ದ ಆಟೊ ಶಂಕರ್ ಜೈಲಿನಲ್ಲಿ ತನ್ನ ಕಥೆ ಬರೆದಿದ್ದ. ಪೊಲೀಸರ, ಅಧಿಕಾರಿಗಳ ಜೊತೆ ತನಗಿದ್ದ ನಂಟು ಅದರಲ್ಲಿತ್ತು. ತಮಿಳಿನ ನಕ್ಕೀರನ್ ಪತ್ರಿಕೆ ಅದನ್ನು ಧಾರಾವಾಹಿಯಾಗಿ ಪ್ರಕಟಿಸುವುದಾಗಿ ಹೇಳಿದಾಗ ಕಾರಾಗೃಹ ಇಲಾಖೆ ಬೆದರಿಕೆ ಹಾಕಿತು. 1994ರ ಅಕ್ಟೋಬರ್‌ನಲ್ಲಿ, ಪತ್ರಿಕೆಯ ಸಂಪಾದಕ ರಾಜಗೋಪಾಲ್ ಅವರ ಪ್ರಕರಣದ ತೀರ್ಪು ಬರೆದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜೀವನ್ ರೆಡ್ಡಿ ಸುಲಿವನ್ ತೀರ್ಪನ್ನು ಎದುರಿಗಿಟ್ಟುಕೊಂಡೇ ಮೂರು ಸಂಗತಿ ಸ್ಪಷ್ಟಪಡಿಸಿದರು. ಪ್ರಕಟಣೆಗೆ ಮೊದಲೇ ತಡೆಯುವ ಅಧಿಕಾರ ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಇಲ್ಲ, ದಾವೆ ಏನಿದ್ದರೂ ಪ್ರಕಟವಾದ ಮೇಲೆ. ಸರ್ಕಾರ, ನಗರಸಭೆ ಮುಂತಾದ ಸಂಸ್ಥೆಗಳು ಮಾನನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ. ಅಧಿಕಾರಿಯ ಕರ್ತವ್ಯದ ಕುರಿತ ಮಾತಿನಲ್ಲಿ, ಬರೆದವರು ಸಾಕಷ್ಟು ವಿಚಾರಿಸಿ ಬರೆದಿದ್ದರೆ ಅದು ಸುಳ್ಳಾಗಿದ್ದರೂ ರಕ್ಷಣೆ ಉಂಟು.

ಕಾಗದದ ಮೇಲೆ ಇದು ಬಹಳ ಚೆನ್ನಾಗಿದೆ. ಆದರೆ ಇದೆಲ್ಲ ಕೆಲಸಕ್ಕೆ ಬರುವುದು ವಿಚಾರಣೆ ನಡೆದು, ಸಾಕ್ಷಿ ಮುಗಿದು, ವಾದ ಕೇಳಿದ ಮೇಲೆ. ದಾವೆಯ ಮೊದಲ ದಿನದ ಬಗ್ಗೆ ಈ ತೀರ್ಪು ಹೆಚ್ಚೇನೂ ಹೇಳುವುದಿಲ್ಲ. ಕಂಪನಿಗಳಿಗೂ ದುಡ್ಡಿರುವ ಖಾಸಗಿ ವ್ಯಕ್ತಿಗಳಿಗೂ ಅದು ತಾಗುವುದೂ ಕಡಿಮೆ.

ಒಂದು ಕಲ್ಪಿತ ಪ್ರಸಂಗ ತೆಗೆದುಕೊಳ್ಳೋಣ. ಬೆಂಗಳೂರಿನ ಹೊರವಲಯದ ಒಂದು ಬಡಾವಣೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಮೇಷ್ಟ್ರು. ಬಿಲ್ಡರ್ ಕೊಳಚೆ ನೀರನ್ನು ಶುದ್ಧ ಮಾಡದೆ ರಾಜಕಾಲುವೆಗೆ ಬಿಡುತ್ತಿದ್ದಾನೆಂದು ಅವರು ಮೊಬೈಲಿನಲ್ಲಿ ವಿಡಿಯೊ ಮಾಡಿ ಹಾಕುತ್ತಾರೆ. ಎರಡು ಲಕ್ಷ ಜನ ನೋಡುತ್ತಾರೆ. ವಾರದಲ್ಲಿ ಲೀಗಲ್ ನೋಟಿಸ್ ಬರುತ್ತದೆ: ವಿಡಿಯೊ ತೆಗೆಯಿರಿ, ಕ್ಷಮೆ ಕೇಳಿ, ಇಲ್ಲವಾದರೆ 5 ಕೋಟಿ ಕೊಡಿ. ಮೇಷ್ಟ್ರು ನಕ್ಕು ಸುಮ್ಮನಾಗುತ್ತಾರೆ. ನಿಜ ಹೇಳಿದವನಿಗೆ ಏನಾದೀತು?

ಏನಾಗುತ್ತದೆಂದು ನೋಡಿ. ಸಿವಿಲ್ ದಾವೆಯಲ್ಲಿ ನಿಜ ಹೇಳಿದ್ದೇನೆ ಎಂಬುದು ಪೂರ್ಣ ರಕ್ಷಣೆ, ಅದರಲ್ಲಿ ಸಂಶಯವಿಲ್ಲ. (ಕ್ರಿಮಿನಲ್ ಕೇಸಿನಲ್ಲಿ ನಿಜವಾಗಿದ್ದರೂ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೆಂದೂ ತೋರಿಸಬೇಕು.) ಆದರೆ ಅದನ್ನು ಸಾಬೀತು ಮಾಡುವ ಹೊಣೆ ಹೇಳಿದವರದ್ದು. ಬಿಲ್ಡರ್ ತಾನು ಒಳ್ಳೆಯವನೆಂದು ರುಜುವಾತು ಮಾಡಬೇಕಿಲ್ಲ. ಇಂಥ ಮಾತು ಆಡಿದ್ದಾರೆ, ಅದು ನನ್ನ ಬಗ್ಗೆಯೇ, ನಾಲ್ಕು ಜನ ಕೇಳಿದ್ದಾರೆ ಎಂದು ತೋರಿಸಿದರೆ ಸಾಕು. ನೀರಿನ ಮಾದರಿ, ಪ್ರಯೋಗಾಲಯದ ವರದಿ, ಮಾಲಿನ್ಯ ಮಂಡಳಿಯ ಕಡತ, ಸಾಕ್ಷಿ ಹೇಳುವ ಧೈರ್ಯವಿರುವ ಇಬ್ಬರು ನೆರೆಯವರು, ಇದೆಲ್ಲವನ್ನೂ ಹೊಂದಿಸಬೇಕಾದವರು ಮೇಷ್ಟ್ರು.

ದಾವೆ ಎಲ್ಲಿ ಹೂಡಬಹುದು ಎಂಬುದು ಇನ್ನೊಂದು ವಿಷಯ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದ್ದು. ಅದರ 19ನೇ ಕಲಮಿನ ಪ್ರಕಾರ ಪ್ರತಿವಾದಿ ವಾಸಿಸುವ ಊರಿನಲ್ಲಾದರೂ ಸರಿ, ಹಾನಿಯಾದ ಊರಿನಲ್ಲಾದರೂ ಸರಿ, ಆಯ್ಕೆ ವಾದಿಯದ್ದು. ಕಾನೂನೇ ಕೊಡುವ ಉದಾಹರಣೆ: ದೆಹಲಿಯಲ್ಲಿರುವ ಒಬ್ಬ ಇನ್ನೊಬ್ಬನ ಮಾನ ಕಳೆಯುವ ಮಾತನ್ನು ಕಲ್ಕತ್ತದಲ್ಲಿ ಪ್ರಕಟಿಸುತ್ತಾನೆ, ಎರಡೂ ಊರಿನಲ್ಲಿ ದಾವೆ ಹಾಕಬಹುದು. 1908ರಲ್ಲಿ ಇದು ನ್ಯಾಯವಾಗಿಯೇ ಇತ್ತು, ಪತ್ರಿಕೆ ಮಾರಾಟವಾಗುತ್ತಿದ್ದುದು ಎರಡೋ ಮೂರೋ ಊರಿನಲ್ಲಿ. ಈಗ ಮೇಷ್ಟ್ರ ವಿಡಿಯೊ ಗುವಾಹಟಿಯಲ್ಲೂ ತೆರೆದುಕೊಳ್ಳುತ್ತದೆ.

ಕೋರ್ಟ್ ಫೀ ಅಡ್ಡಿಯಾಗುವುದಿಲ್ಲವೇ? 5 ಕೋಟಿ ಪರಿಹಾರ ಕೇಳಿದರೆ ಫೀ ತಕ್ಕಮಟ್ಟಿಗೆ ಬೀಳುತ್ತದೆ, ನಿಜ. ಆದರೆ ಕರ್ನಾಟಕದ ಕಾನೂನಿನಲ್ಲಿ ದರ ಮೆಟ್ಟಿಲು ಮೆಟ್ಟಿಲಾಗಿದೆ, ಮೊತ್ತ ಏರಿದಂತೆ ದರ ಇಳಿಯುತ್ತದೆ. ಪರಿಹಾರವನ್ನೇ ಕೇಳದೆ ಬರೀ ತಡೆಯಾಜ್ಞೆ ಬೇಡಿದರಂತೂ ಫೀ ನಾಮಮಾತ್ರ. ಬಾಯಿ ಮುಚ್ಚಿಸುವುದಷ್ಟೇ ಉದ್ದೇಶವಾದವರಿಗೆ ಪರಿಹಾರದ ಗೊಡವೆ ಏಕೆ?

ದಾವಾಪತ್ರದ ಜೊತೆಗೇ ಒಂದು ಮಧ್ಯಂತರ ಅರ್ಜಿ ಇರುತ್ತದೆ. ವಕೀಲರ ಬಾಯಲ್ಲಿ ಅದು 'ಐಎ'. ಇಡೀ ಆಟ ಇರುವುದು ಅದರಲ್ಲಿ. ಸಂಹಿತೆಯ 39ನೇ ಆದೇಶದ (ಅದರ ನಿಯಮಗಳ ಒಂದೊಂದು ಅಧ್ಯಾಯಕ್ಕೂ ಆದೇಶ ಎಂದೇ ಹೆಸರು) ಪ್ರಕಾರ, ದಾವೆ ತೀರ್ಮಾನವಾಗುವವರೆಗೆ ಪ್ರತಿವಾದಿ ಇಂಥದ್ದು ಮಾಡಬಾರದು ಎಂದು ಕೋರ್ಟ್ ತಡೆಯಬಹುದು. ಮಾಮೂಲಿ ನಿಯಮ, ಪ್ರತಿವಾದಿಗೆ ನೋಟಿಸ್ ಕೊಟ್ಟು ಕೇಳಿ ಆಮೇಲೆ ಆದೇಶ ಮಾಡುವುದು. ನೋಟಿಸ್ ಕೊಟ್ಟು ಕಾಯುತ್ತ ಕೂತರೆ ಉದ್ದೇಶವೇ ಹಾಳಾಗುತ್ತದೆ ಎನಿಸಿದಾಗ ಮಾತ್ರ, ಕಾರಣ ಬರೆದಿಟ್ಟು, ಏಕಪಕ್ಷೀಯವಾಗಿ ಆದೇಶ ಮಾಡಬಹುದು. ನಾಳೆ ಬೆಳಿಗ್ಗೆ ಮನೆ ಕೆಡವಲು ಜೆಸಿಬಿ ಬರುತ್ತದೆ ಎನ್ನುವವನಿಗೆ ಮಾಡಿಟ್ಟ ಬಾಗಿಲು ಅದು. ಹಾಗೆ ಕೊಟ್ಟ ಆದೇಶವನ್ನು ಉಳಿಸಬೇಕೋ ತೆಗೆಯಬೇಕೋ ಎಂದು 30 ದಿನದೊಳಗೆ ತೀರ್ಮಾನಿಸಲು ಕೋರ್ಟ್ ಪ್ರಯತ್ನಿಸಬೇಕು ಎಂದೂ ಇದೆ. ಪ್ರಯತ್ನಿಸಬೇಕು ಎಂಬ ಪದವನ್ನು ಗಮನಿಸಿ. ಆಬ್ಜೆಕ್ಷನ್ ಹಾಕಲು ಟೈಮ್, ಅದಕ್ಕೆ ಉತ್ತರಿಸಲು ಟೈಮ್, ನಡುವೆ ಬೇಸಿಗೆ ರಜೆ, ನ್ಯಾಯಾಧೀಶರ ವರ್ಗಾವಣೆ. ಮುಂದಿನ ವಾಯಿದೆಯವರೆಗೆ ಮಧ್ಯಂತರ ಆದೇಶ ಮುಂದುವರಿಸಲಾಗಿದೆ ಎಂಬ ಸಾಲು ಕಡತದಲ್ಲಿ ಮತ್ತೆ ಮತ್ತೆ ಬೀಳುತ್ತದೆ.

ಅಷ್ಟರಲ್ಲಿ ಮೇಷ್ಟ್ರು ವಿಡಿಯೊ ತೆಗೆಯದಿದ್ದರೆ? ತಡೆಯಾಜ್ಞೆ ಮೀರಿದವರ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಆ ಆದೇಶವೇ ತಪ್ಪು ಎಂದು ಮುಂದೆ ತೀರ್ಮಾನವಾದರೂ, ಜಾರಿಯಲ್ಲಿದ್ದಾಗ ಮೀರಿದ್ದು ಮೀರಿದ್ದೇ. ಇನ್ನು ಯೂಟ್ಯೂಬ್. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್ ಮಾತಿಗೆ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪು, ಕೋರ್ಟಿನ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗಲೇ ಇಂಥ ವೇದಿಕೆಗಳು ವಿಷಯವನ್ನು ತೆಗೆಯಬೇಕು, ಯಾರೋ ದೂರು ಕೊಟ್ಟರೆಂದಲ್ಲ, ಎಂದೂ ಹೇಳಿತು. ವಾಕ್ ಸ್ವಾತಂತ್ರ್ಯಕ್ಕೆ ದೊಡ್ಡ ಗೆಲುವು ಅದು. ಆದರೆ ಅಲ್ಲಿಂದಾಚೆಗೆ ಏಕಪಕ್ಷೀಯ ತಡೆಯಾಜ್ಞೆಗೆ ಬಂದ ಬೆಲೆಯೇ ಬೇರೆ. ಆ ಒಂದು ಹಾಳೆ ಕೈಲಿದ್ದರೆ ಮೇಷ್ಟ್ರನ್ನು ಹುಡುಕುವ ತೊಂದರೆಯೂ ಇಲ್ಲ, ನೇರವಾಗಿ ವೇದಿಕೆಗೇ ಕಳಿಸಿದರೆ ಆಯಿತು. ಹೆಸರೇ ಗೊತ್ತಿಲ್ಲದ ಪ್ರತಿವಾದಿಗಳ ವಿರುದ್ಧವೂ ಆದೇಶ ಸಿಗುತ್ತದೆ. ಅಮೆರಿಕದವರು ಅಂಥವರನ್ನು ಜಾನ್ ಡೋ ಎನ್ನುತ್ತಾರೆ, ನಮ್ಮ ದಾವೆಗಳಲ್ಲಿ ಆತ ಅಶೋಕ್ ಕುಮಾರ್. ಎಷ್ಟು ದಾವೆಗಳಲ್ಲಿ ಆ ಅಶೋಕ್ ಕುಮಾರ್ ಒಮ್ಮೆಯೂ ಹಾಜರಾಗದೆ ಸೋತಿದ್ದಾನೋ!

ಬೆಂಗಳೂರಿಗೆ ಇದು ಹೊಸದಲ್ಲ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಬೆಂಗಳೂರು ದಕ್ಷಿಣದ ಬಿಜೆಪಿ ಅಭ್ಯರ್ಥಿ ತೇಜಸ್ವಿ ಸೂರ್ಯ 49 ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆದೇಶ ತಂದರು. ಹೈಕೋರ್ಟ್ ಮತದಾನಕ್ಕೆ ಮೊದಲೇ ಅದನ್ನು ತೆಗೆದುಹಾಕಿತು. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಸಿಡಿ ಹೊರಬಂದ ಬೆನ್ನಿಗೇ, ಅದರಲ್ಲಿಲ್ಲದ ಬೇರೆ ಆರು ಸಚಿವರು ಒಟ್ಟಾಗಿ ಕೋರ್ಟಿಗೆ ಹೋಗಿ ಅರವತ್ತಕ್ಕೂ ಹೆಚ್ಚು ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ಪಡೆದರು. ಇನ್ನೂ ಪ್ರಕಟವಾಗದ, ಇದೆಯೋ ಇಲ್ಲವೋ ಗೊತ್ತಿಲ್ಲದ ವಿಷಯದ ಮೇಲೆ ತಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎಂಬ ಗಾದೆ ಆ ವಾರ ರಾಜ್ಯದಲ್ಲಿ ಎಷ್ಟು ಜನರ ನಾಲಿಗೆಗೆ ಬಂದಿತ್ತೋ.

ಹಾಗಾದರೆ ಮೇಲಿನ ಕೋರ್ಟುಗಳು ಏನೂ ಹೇಳಿಲ್ಲವೇ? ಹೇಳಿವೆ, ಬಹಳ ಸ್ಪಷ್ಟವಾಗಿಯೇ. ಮಾನನಷ್ಟದಲ್ಲಿ ವಿಚಾರಣೆಗೆ ಮೊದಲು ತಡೆಯಾಜ್ಞೆ ಕೊಡಬಾರದು, ಪ್ರತಿವಾದಿಯ ಸಮರ್ಥನೆ ಸೋತೇ ಸೋಲುತ್ತದೆ ಎಂಬಂತಿದ್ದರೆ ಮಾತ್ರ ಕೊಡಬಹುದು ಎಂಬ ನಿಯಮ 1891ರ ಇಂಗ್ಲೆಂಡಿನ ಬೊನಾರ್ಡ್ ಪ್ರಕರಣದಷ್ಟು ಹಳೆಯದು. 2011ರಲ್ಲಿ, ಒಡಿಶಾದ ಧಾಮ್ರಾ ಬಂದರಿನ ವಿರುದ್ಧ ಪರಿಸರ ಸಂಘಟನೆ ಗ್ರೀನ್‌ಪೀಸ್ ಮಾಡಿದ್ದ ಆಮೆಯ ವಿಡಿಯೊ ಗೇಮ್ ನಿಲ್ಲಿಸಬೇಕೆಂದು ಟಾಟಾ 10 ಕೋಟಿಯ ದಾವೆ ಹಾಕಿದಾಗ, ದೆಹಲಿ ಹೈಕೋರ್ಟ್ ಇದೇ ನಿಯಮ ಹಿಡಿದು ತಡೆಯಾಜ್ಞೆ ನಿರಾಕರಿಸಿತು. ತೀರಾ ಈಚಿನದ್ದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣ. ಟಿವಿ ವಾಹಿನಿಗಳ ಜೀ ಕಂಪನಿಯ ಲೆಕ್ಕಪತ್ರದ ಬಗ್ಗೆ 2024ರ ಫೆಬ್ರವರಿ 21ರಂದು ಬಂದ ವರದಿಯನ್ನು ತೆಗೆಯಿರಿ ಎಂದು ದೆಹಲಿಯ ಕೆಳ ನ್ಯಾಯಾಲಯ ಮಾರ್ಚ್ 1ಕ್ಕೇ ಹೇಳಿತು, ಹೈಕೋರ್ಟ್ ಅದಕ್ಕೆ ತಲೆಯಾಡಿಸಿತು. ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ವಿಚಾರಣೆಗೆ ಮೊದಲೇ ಕೊಡುವ ತಡೆಯಾಜ್ಞೆ ಆ ಬರಹಕ್ಕೆ ಮರಣದಂಡನೆ ಕೊಟ್ಟಂತೆ ಎಂಬ ಅರ್ಥದ ಮಾತು ಅದರಲ್ಲಿದೆ. ಮೇಲ್ನೋಟಕ್ಕೆ ಹುರುಳಿದೆಯೇ, ಅನನುಕೂಲ ಯಾರಿಗೆ ಹೆಚ್ಚು, ತುಂಬಿಬಾರದ ನಷ್ಟವೇ ಎಂಬ ಮೂರು ಪ್ರಶ್ನೆಗಳನ್ನು ಕೆಳ ನ್ಯಾಯಾಲಯ ಬಾಯಿಪಾಠದಂತೆ ಒಪ್ಪಿಸಿದರೆ ಸಾಲದು, ಈ ಪ್ರಕರಣಕ್ಕೆ ಅವು ಹೇಗೆ ಹೊಂದುತ್ತವೆ ಎಂದು ಬಿಡಿಸಿ ಬರೆಯಬೇಕು; ಬರಹ ದುರುದ್ದೇಶದ್ದು ಇಲ್ಲವೇ ಕಣ್ಣಿಗೆ ರಾಚುವಷ್ಟು ಸುಳ್ಳು ಎಂದು ಕಂಡಾಗ ಮಾತ್ರ ಏಕಪಕ್ಷೀಯ ಆದೇಶ ಎಂದಿತು.

ಧರ್ಮಸ್ಥಳದ ಆದೇಶ ಇದಾಗಿ ಹದಿನಾರು ತಿಂಗಳ ಮೇಲೆ ಬಂದದ್ದು. ಯೂಟ್ಯೂಬ್ ಚಾನೆಲ್ ಒಂದು ಹೈಕೋರ್ಟಿಗೆ ಹೋದಾಗ ಆಗಸ್ಟ್ 1ರಂದು ಅದು ರದ್ದಾಯಿತು. ಅದಕ್ಕೆ ಮರುಜೀವ ಕೊಡಲು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ, ಕೆಳಗಿನ ನ್ಯಾಯಾಲಯವೇ ಹೊಸದಾಗಿ ನೋಡಲಿ ಎಂದಿತು. ನಿಯಮ ಗೆದ್ದಿತು ಎನ್ನಬಹುದು. ಆದರೆ ಗೆಲ್ಲಲು ಯಾರಾದರೂ ಹೈಕೋರ್ಟಿನವರೆಗೆ ಹೋಗಬೇಕಾಯಿತಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದು. ಬ್ಲೂಮ್‌ಬರ್ಗ್‌ಗೆ ಮೂರು ವಾರದಲ್ಲಿ ಮೂರು ಕೋರ್ಟು ಹತ್ತುವ ಶಕ್ತಿಯಿತ್ತು. ನಮ್ಮ ಮೇಷ್ಟ್ರಿಗೆ ಬರುವುದು ಪಿಂಚಣಿ. ಸಿವಿಲ್ ನ್ಯಾಯಾಧೀಶರನ್ನಷ್ಟೇ ದೂರುವುದೂ ಸರಿಯಲ್ಲ. ದಿನದ ಪಟ್ಟಿಯಲ್ಲಿ ಹತ್ತಾರು ಕೇಸು, ಎದುರಿಗೆ ಒಂದೇ ಕಡೆಯ ಹಿರಿಯ ವಕೀಲರು, ಮುಂದೆ ಇಟ್ಟಿರುವುದು ಒಂದೇ ಕಡೆಯ ಕಾಗದ. ಕೊಡದಿದ್ದರೆ ಒಬ್ಬರ ಮಾನ ಹೋಗಿಯೇ ಬಿಡುತ್ತದೇನೋ ಎಂಬ ಅಳುಕು. ಕೊಟ್ಟರೆ ಆಗುವ ನಷ್ಟ ಎದುರಿಗಿಲ್ಲದವನದು.

ಮಾನ ಹೋಗುವುದು ಸಣ್ಣ ವಿಷಯವೂ ಅಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಪರಿಹಾರ ಹಣದ ಮಿತಿಯನ್ನು ಇಷ್ಟು ಚೆನ್ನಾಗಿ ಹೇಳಿದ ಕಾನೂನು ಪುಸ್ತಕ ಇಲ್ಲ. ಹೆಣ್ಣುಮಗಳ ಮುಖಕ್ಕೆ ಇನ್ನೊಂದು ದೇಹ ಅಂಟಿಸಿದ ವಿಡಿಯೊ ಹರಿದಾಡುವಾಗ ಹತ್ತು ವರ್ಷ ಕಾಯಿರಿ ಎನ್ನುವುದು ಕ್ರೌರ್ಯ. ಅಲ್ಲಿ ಏಕಪಕ್ಷೀಯ ಆದೇಶ ಬೇಕೇ ಬೇಕು, ಬ್ಲೂಮ್‌ಬರ್ಗ್ ತೀರ್ಪು ಬಿಟ್ಟ ಕಿಂಡಿ ಇರುವುದೂ ಅಂಥದಕ್ಕೇ.

ಪರಿಹಾರದ ಮೊತ್ತಕ್ಕೆ ಬಂದರೆ ನಮ್ಮಲ್ಲಿ ಅಳತೆಗೋಲು ಎಂಬುದೇ ಇಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ನೌ ವಾಹಿನಿ ಗಾಜಿಯಾಬಾದ್‌ನ ಭವಿಷ್ಯನಿಧಿ ಹಗರಣದ ಸುದ್ದಿಯಲ್ಲಿ ಬೇರೊಬ್ಬ ನ್ಯಾಯಮೂರ್ತಿಯ ಬದಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಚಿತ್ರ ತೋರಿಸಿತು, ಸುಮಾರು 15 ಸೆಕೆಂಡು. ಹೆಸರುಗಳು ಹೋಲುತ್ತಿದ್ದುದರಿಂದ ಆದ ಎಡವಟ್ಟು. 2011ರಲ್ಲಿ ಪುಣೆಯ ನ್ಯಾಯಾಲಯ 100 ಕೋಟಿ ರೂಪಾಯಿಗೆ ಡಿಕ್ರಿ ಮಾಡಿತು. ಮೇಲ್ಮನವಿ ಕೇಳಬೇಕಾದರೆ 20 ಕೋಟಿ ಠೇವಣಿ ಇಡಿ, ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದಿತು ಬಾಂಬೆ ಹೈಕೋರ್ಟ್. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ದೊಡ್ಡ ವಾಹಿನಿ ತಡೆದುಕೊಂಡೀತು. ಜಿಲ್ಲಾ ಮಟ್ಟದ ಪತ್ರಿಕೆಯೊಂದು ಇಂಥ ಠೇವಣಿಯ ಮಾತು ಕೇಳಿದರೆ ಮರುದಿನದ ಸಂಚಿಕೆ ಬರುವುದು ಅನುಮಾನ.

ಇತ್ತ, ಸುಳ್ಳು ದಾವೆ ಹಾಕಿದವನಿಗೆ ಏನು? ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮು ಸುಳ್ಳು, ಕಿರುಕುಳದ ದಾವೆಗೆ ದಂಡರೂಪದ ಖರ್ಚು ಕೊಡಿಸುತ್ತದೆ. ಗರಿಷ್ಠ 3,000 ರೂಪಾಯಿ. ಹೌದು, ಮೂರೇ ಸಾವಿರ. ಸರಿಯಾದ ಆಧಾರವಿಲ್ಲದೆ ತಡೆಯಾಜ್ಞೆ ತಂದು ತೊಂದರೆ ಕೊಟ್ಟವನಿಂದ 95ನೇ ಕಲಮಿನಡಿ ಪರಿಹಾರ ಕೇಳಬಹುದು, ಅದರ ಮಿತಿ 50,000. ದಾವೆಯಲ್ಲಿ ಕೇಳುವ ಕೋಟಿಗಳನ್ನೂ ಈ ಸಾವಿರಗಳನ್ನೂ ತಕ್ಕಡಿಯ ಎರಡು ಕಡೆ ಇಟ್ಟು ನೋಡಿದರೆ, ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಹಳೆಯ ಮಾತು ಇಲ್ಲಿ ಅರ್ಧ ಮಾತ್ರ ನಿಜ ಎನಿಸುತ್ತದೆ. ದುಡ್ಡಿರುವ ವಾದಿ ಸೋತರೂ ಏನೂ ಆಗುವುದಿಲ್ಲ.

ಇಂಥ ದಾವೆಗಳಿಗೆ ಸ್ಲ್ಯಾಪ್ ಎಂಬ ಹೆಸರಿಟ್ಟವರು ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಜಾರ್ಜ್ ಪ್ರಿಂಗ್ ಮತ್ತು ಪೆನೆಲೊಪಿ ಕೆನನ್, 1980ರ ದಶಕದಲ್ಲಿ. ಸಾರ್ವಜನಿಕ ವಿಷಯದಲ್ಲಿ ಜನ ಬಾಯಿ ಹಾಕದಂತೆ ತಡೆಯಲು ಹೂಡುವ ದಾವೆ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಪಾಳಕ್ಕೆ ಕೊಡುವ ಏಟು ಎಂದೂ ಅರ್ಥವಿದೆ. ಕ್ಯಾಲಿಫೋರ್ನಿಯಾ 1992ರಲ್ಲೇ ಇದಕ್ಕೆ ಕಾನೂನು ಮಾಡಿತು. ಅಲ್ಲಿ ಮೇಷ್ಟ್ರಂಥವರು ಶುರುವಿನಲ್ಲೇ ಅರ್ಜಿ ಹಾಕಬಹುದು: ಇದು ಸಾರ್ವಜನಿಕ ವಿಷಯದ ಮಾತು. ಆಗ ತನ್ನ ದಾವೆಯಲ್ಲಿ ಗೆಲ್ಲುವಷ್ಟು ಹುರುಳಿದೆ ಎಂದು ತೋರಿಸುವ ಹೊಣೆ ಬಿಲ್ಡರ್ ಮೇಲೆ ಬೀಳುತ್ತದೆ. ತೋರಿಸಲಾಗದಿದ್ದರೆ ದಾವೆ ವಜಾ, ಮೇಷ್ಟ್ರ ವಕೀಲರ ಫೀಸೂ ಬಿಲ್ಡರೇ ಕಟ್ಟಬೇಕು. ಕೆನಡಾದ ಒಂಟಾರಿಯೊ ಪ್ರಾಂತ 2015ರಲ್ಲಿ ಇದೇ ದಾರಿ ಹಿಡಿಯಿತು. ನಮ್ಮ ಸುಪ್ರೀಂ ಕೋರ್ಟ್ ಬ್ಲೂಮ್‌ಬರ್ಗ್ ತೀರ್ಪಿನಲ್ಲಿ ಸ್ಲ್ಯಾಪ್ ಎಂಬ ಪದವನ್ನು ಬಳಸಿತು. ಸಂಸತ್ತು ಅಂಥ ಕಾನೂನನ್ನೇನೂ ಮಾಡಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇಲ್ಲಿ ಒಂದು ಮಾತು. ಸ್ಯಾನ್ ಹೋಸೆಯಲ್ಲಿ ಕೂತು ಬೆಂಗಳೂರಿನ ಬಿಲ್ಡರ್ ಬಗ್ಗೆ ಬರೆದವರ ಮೇಲೆ ಬೆಂಗಳೂರಿನಲ್ಲಿ ದಾವೆ ಹಾಕಬಹುದು, ಡಿಕ್ರಿಯೂ ಆಗಬಹುದು. ಅದನ್ನು ಅಮೆರಿಕಕ್ಕೆ ಒಯ್ದು ವಸೂಲಿ ಮಾಡುವುದು ಕಷ್ಟ. ಅಲ್ಲಿನ ಲೇಖಕಿಯೊಬ್ಬರ ಪುಸ್ತಕ ಇಂಗ್ಲೆಂಡಿನಲ್ಲಿ ಮಾರಾಟವಾಗಿದ್ದು 23 ಪ್ರತಿ, ಅಷ್ಟಕ್ಕೇ ಸೌದಿಯ ಶ್ರೀಮಂತನೊಬ್ಬ ಲಂಡನ್‌ನಲ್ಲಿ ದಾವೆ ಹೂಡಿ ಗೆದ್ದ. ಆ ಗಲಾಟೆಯ ಫಲವಾಗಿ 2010ರಲ್ಲಿ ಬಂದ ಕಾನೂನಿನ ಪ್ರಕಾರ, ಅಮೆರಿಕದಷ್ಟೇ ವಾಕ್ ಸ್ವಾತಂತ್ರ್ಯದ ರಕ್ಷಣೆ ಕೊಡದ ವಿದೇಶಿ ಮಾನನಷ್ಟ ತೀರ್ಪನ್ನು ಅಲ್ಲಿನ ಕೋರ್ಟು ಜಾರಿ ಮಾಡುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಒಂದು ಸೈಟು ಇದ್ದರೆ? ಡಿಕ್ರಿ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಮೇಷ್ಟ್ರಿಗೆ ವಕೀಲರು ಹೇಳಬಹುದಾದ ಒಂದೆರಡು ಉಪಾಯಗಳಿವೆ. ಮಾನನಷ್ಟದ ದಾವೆಯನ್ನು ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು, ಹಳೆಯ ಮಾತಾದರೆ ಅಲ್ಲೇ ಹಿಡಿಯಬಹುದು. ದಾವಾಪತ್ರದಲ್ಲಿ ಮಾನಹಾನಿಯ ಪದಗಳು ಯಾವುವೆಂದೇ ಬರೆಯದೆ ಸುಮ್ಮನೆ ದೂರಿದ್ದರೆ ದಾವೆಯನ್ನೇ ತಿರಸ್ಕರಿಸಿ ಎಂದು ಕೇಳಬಹುದು. ಎಲ್ಲಕ್ಕಿಂತ ಅಗ್ಗದ್ದು ಕೇವಿಯಟ್. ಲೀಗಲ್ ನೋಟಿಸ್ ಕೈಗೆ ಬಂದ ಕೂಡಲೇ ಕೋರ್ಟಿನಲ್ಲಿ ಒಂದು ಅರ್ಜಿ ಕೊಟ್ಟಿಟ್ಟರೆ, ಇಂಥವರು ದಾವೆ ತಂದಾಗ ನನ್ನನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಹೇಳಿಟ್ಟಂತೆ. ಅದರ ಆಯಸ್ಸು 90 ದಿನ, ಆಮೇಲೆ ಹೊಸದಾಗಿ ಹಾಕಬೇಕು. ಒಂದೇ ತೊಡಕು: ದಾವೆ ಯಾವ ಕೋರ್ಟಿಗೆ ಬರುತ್ತದೋ ಆ ಕೋರ್ಟಿನಲ್ಲೇ ಕೇವಿಯಟ್ ಇರಬೇಕು. ಯಾವ ಊರಿನಲ್ಲಿ ಹಾಕಲಿ ಸ್ವಾಮಿ ಎಂದು ಮೇಷ್ಟ್ರು ಕೇಳಿದರೆ, ವಕೀಲರು ಬೆಂಗಳೂರು ಎನ್ನುತ್ತಾರೆ, ಸ್ವಲ್ಪ ಯೋಚಿಸಿ ರಾಮನಗರ ಎನ್ನುತ್ತಾರೆ, ಕಂಪನಿಯ ನೋಂದಾಯಿತ ಕಚೇರಿ ಮುಂಬೈಯಲ್ಲಿದೆ ಎಂದು ನೋಟಿಸಿನ ತಲೆಬರಹ ನೋಡಿ ಹೇಳುತ್ತಾರೆ.